ಮಾಲೀಕರ ಗೇಟಿಗೆ ಹೋಗೋ ಸರ್ಕಾರಿ ಹುದ್ದೆ: ಕರ್ತವ್ಯ ಪಟ್ಟೀಲಿ ಎಂತ ಬರೀಲಿ?

ಕೇಳಿದವರು: ರಿಪ್ಪನ್‌ಪೇಟೆ ಹುಡುಗಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ.

ನಾನು ಶಿವಮೊಗ್ಗದಲ್ಲಿ ಉದ್ಯೋಗಕ್ಕೆ ಸಂಬಂಧಪಟ್ಟ ಒಂದು ಸರ್ಕಾರಿ ಕಛೇರೀಲಿ ಗುತ್ತಿಗೆ ಮೇಲೆ ಕೆಲಸ ಮಾಡ್ತೀನಿ. ಅದಕ್ಕೂ ಮುಂಚೆ ಆರು ವರ್ಷ ಒಂದು ಗಾರ್ಮೆಂಟ್ಸ್‌ನ ಎಚ್‌ಆರ್‌ನಲ್ಲಿದ್ದೆ. ಎಚ್‌ಆರ್ ಅಂದ್ರೆ ಎಸಿ ರೂಮು ಅಂದ್ಕೋಬೇಡಿ. ಗೂಡ್ಸ್ ಗಾಡಿಗೆ ಮೈಕು ಕಟ್ಟಿ ಆಯನೂರು, ಕುಂಸಿ, ಹಾರನಹಳ್ಳಿ ಕಡೆ ಸಂತೆ ಸಂತೆ ತಿರುಗಿ "ಹೊಲಿಗೆ ಬರದಿದ್ರೂ ಚಿಂತೆ ಇಲ್ಲ, ನಾವೇ ಕಲಿಸ್ತೀವಿ" ಅಂತ ಕೂಗೋದು. ಹಂಗಾಗಿ ಜನ ಹೆಂಗೆ ಬರ್ತಾರೆ, ಯಾಕೆ ಓಡಿ ಹೋಗ್ತಾರೆ ಅನ್ನೋದು ನಂಗೆ ಸ್ವಲ್ಪ ಗೊತ್ತು. ಎಷ್ಟು ಬಣ್ಣ ಹಚ್ಚಿ ಹೇಳ್ತಿದ್ವಿ ಅನ್ನೋದೂ ಗೊತ್ತು.

ಈಗ ನಮ್ಮಲ್ಲಿ ಒಂದು ಹೊಸ ಹುದ್ದೆ ಪ್ರಸ್ತಾವನೆ ಹೋಗ್ತಾ ಇದೆ. ಮಾಲೀಕರ ಕಡೆ ನೋಡ್ಕೊಳ್ಳೋಕೆ ಅಂತಲೇ ಒಬ್ರು. ಇವತ್ತಿನವರೆಗೆ ನಮ್ಮ ಎಲ್ಲ ಟೇಬಲ್ಲೂ ಕೆಲಸ ಕೇಳ್ಕೊಂಡು ಬರೋರ ಕಡೆ ಮುಖ ಮಾಡಿವೆ: ನೋಂದಣಿ, ನವೀಕರಣ, ವರ್ಷಕ್ಕೆರಡು ಉದ್ಯೋಗ ಮೇಳ. ಮಾಲೀಕರು ಅಂದ್ರೆ ಮೇಳದ ಹಿಂದಿನ ವಾರ ನಾವೇ ಫೋನ್ ಮಾಡಿ "ಸರ್ ಒಂದು ಸ್ಟಾಲ್ ಹಾಕಿ" ಅಂತ ಬೇಡ್ಕೊಳ್ಳೋ ಜನ, ಅಷ್ಟೇ. ಹೊಸ ಹುದ್ದೆಯವರ ಕರ್ತವ್ಯ ಮತ್ತು ಜವಾಬ್ದಾರಿ ಬರೆದು ಕೊಡು ಅಂತ ಸಾಹೇಬರು ನನಗೇ ಹೇಳಿದ್ದಾರೆ. ಒಂದು ಪುಟ ಬರೆದೆ. ಒಂದು ಸಾಲಿನ ಮೇಲೆ ಜಗಳ ಬಿದ್ದಿದೆ. ಆ ಸಾಲು ಯಾಕೆ ಹುಟ್ಟಿತು ಅಂತ ಮೊದಲು ಹೇಳ್ತೀನಿ.

ಹೋದ ವರ್ಷ ಒಂದು ಮೆಷಿನ್ ಶಾಪಿಂದ ಮೇಲ್ ಬಂತು. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಲೋಹ ಕೊರೆಯೋ ಮೆಷಿನ್) ಆಪರೇಟರ್, ಹತ್ತು ಜನ, ಐಟಿಐ ಅಥವಾ ಡಿಪ್ಲೊಮಾ, ಸಂಬಳ 16,000. ನಾನು ಪಟ್ಟಿ ತೆಗೆದು ಹದಿನಾಲ್ಕು ಹುಡುಗರಿಗೆ ಫೋನ್ ಮಾಡಿ ಕಳಿಸಿದೆ. ಎಂಟು ಜನ ಸೇರಿದ್ರು. ನಮ್ಮ ವರದೀಲಿ "8 ನೇಮಕ" ಅಂತ ಬರೆದಾಯ್ತು. ವಾರ ಕಳೆಯೋದ್ರೊಳಗೆ ಇಬ್ರು ಉಳಿದಿದ್ರು. ವರದಿ ಮಾತ್ರ ಎಂಟೇ.

ನಂಗೆ ತಡೀಲಿಲ್ಲ, ಸಿಟಿ ಬಸ್ ಹತ್ತಿ ನಾನೇ ಹೋದೆ. ಅರ್ಧ ದಿನ ಮೆಷಿನ್ ಪಕ್ಕ ನಿಂತೆ. ಪ್ರೋಗ್ರಾಂ ಹಾಕೋದು, ಟೂಲ್ ಆಫ್‌ಸೆಟ್ ಕೊಡೋದು ಎಲ್ಲಾ ಒಬ್ಬ ಸೆಟ್ಟರ್ ಕೆಲಸ. ಉಳಿದವರು ಹದಿನೆಂಟು ಕೇಜಿ ಕಾಸ್ಟಿಂಗ್ (ಎರಕದ ತುಂಡು) ಎತ್ತಿ ಮೆಷಿನ್ನಿನ ಚಕ್‌ಗೆ ಕೂರಿಸಿ, ಹಸಿರು ಬಟನ್ ಒತ್ತಿ, ನಾಲ್ಕು ನಿಮಿಷ ಕಾದು, ಇಳಿಸಿ, ಏರ್ ಹೊಡೆದು, ಮತ್ತೊಂದು ಎತ್ತಬೇಕು. ಪಾಳಿ ಪೂರ್ತಿ ಅದೇ. ಅದು ಕೆಟ್ಟ ಕೆಲಸ ಅಂತ ನಾನು ಹೇಳ್ತಿಲ್ಲ. ಆದ್ರೆ ಮೂರು ವರ್ಷ ಡ್ರಾಯಿಂಗ್ ಕಲಿತು ಬಂದ ಹುಡುಗನಿಗೆ "ಆಪರೇಟರ್" ಅಂತ ಹೇಳಿ ಕಳಿಸಿದ್ದು ನಾನಲ್ವಾ? 16,000ದಲ್ಲಿ ಹಾಜರಾತಿ ಬೋನಸ್ಸೂ ಸೇರಿತ್ತು, ಒಂದು ರಜೆ ಹಾಕಿದ್ರೆ ಅದು ಮಟಾಷ್. ಇನ್ನು ಎರಡನೇ ಪಾಳಿ ಬಿಡೋದು ರಾತ್ರಿ ಹತ್ತಕ್ಕೆ. ಕುಂಸಿ ಕಡೆಯ ಒಬ್ಬ ಹುಡುಗ ನಾಲ್ಕು ರಾತ್ರಿ ಬಸ್‌ಸ್ಟ್ಯಾಂಡಲ್ಲಿ ಮಲಗಿ ಐದನೇ ದಿನ ಬ್ಯಾಗ್ ಎತ್ಕೊಂಡು ಹೋಗಿದ್ದ.

ಮಾಲೀಕರು ಮೋಸಗಾರರೇನಲ್ಲ. ನಂಗೆ ಚಹಾ ತರಿಸಿದ್ರು. ಆಮೇಲೆ ಸ್ಟೋರ್ ರೂಮಿಗೆ ಕರ್ಕೊಂಡು ಹೋಗಿ ಒಂದು ರಾಶಿ ಸೇಫ್ಟಿ ಶೂ ತೋರಿಸಿದ್ರು. ಸೇರಿ ಬಿಟ್ಟು ಹೋದವರದ್ದು. "ಮೇಡಂ, ಶೂ ಇಷ್ಟಿದೆ, ಕಾಲಿಲ್ಲ" ಅಂದ್ರು.

ಇಬ್ರೂ ಕೂತು ಆ ಕೆಲಸವನ್ನ ಇದ್ದದ್ದು ಇದ್ದಂಗೆ ಬರೆದ್ವಿ. ಎಷ್ಟು ತೂಕ, ಯಾವ ಪಾಳಿ, ಕೈಗೆ ಬರೋದು ಎಷ್ಟು, ಸೆಟ್ಟರ್ ಆಗೋಕೆ ಎಷ್ಟು ದಿನ ಕಾಯಬೇಕು. ಭದ್ರಾವತಿ ಕಡೆ ರಾತ್ರಿ ಹೋಗೋಕಾಗೋ ಐದು ಜನರನ್ನ ಕಳಿಸಿದೆ. ಮೂರು ಜನ ಇನ್ನೂ ಇದಾರೆ. "ಐದೇ ಜನಾನಾ?" ಅಂತ ಅವರು ಗೊಣಗಿದ್ದೂ ನಿಜ.

ಅದಕ್ಕೇ ನಾನು ಬರೆದ ಸಾಲು: "ಕೆಲಸದ ಸ್ಥಳವನ್ನು ಖುದ್ದು ಪರಿಶೀಲಿಸದೆ ಅಭ್ಯರ್ಥಿಗಳನ್ನು ಕಳುಹಿಸತಕ್ಕದ್ದಲ್ಲ." ಸಾಹೇಬರು ಅದರ ಕೆಳಗೆ ಗೆರೆ ಎಳೆದು "ಮಾಲೀಕರು ಮುನಿಸಿಕೊಂಡರೆ?" ಅಂತ ಪೆನ್ಸಿಲಲ್ಲಿ ಬರೆದಿದ್ದಾರೆ. ನಮ್ಮ ಕಛೇರಿಯ ಇನ್ನೊಬ್ರು ಬೇರೆ ಕಡೆಯಿಂದ ಹಿಡ್ಕೊಂಡ್ರು: "ಜನರ ದುಡ್ಡಲ್ಲಿ ಸಂಬಳ ತಗೊಂಡು ಮಾಲೀಕರಿಗೆ ಲೇಬರ್ ಕಾಂಟ್ರಾಕ್ಟರ್ ಆಗೋದಾ?" ಇದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇಲ್ಲ.

ಕೆಲಸ ಕೊಡೋರು, ಕೆಲಸ ಹುಡುಕ್ತಿರೋರು, ಇಲಾಖೇಲಿ ಇದ್ದು ಬಂದವರು, ಆ ಸಾಲು ಇರಬೇಕೋ ಬೇಡವೋ ಹೇಳಿ. ಈ ಹುದ್ದೆಯವರು ಕೆಲಸ ಮಾಡಿದ್ರು ಅಂತ ಯಾವ ಲೆಕ್ಕದಲ್ಲಿ ಅಳೀಬೇಕು ಅನ್ನೋದನ್ನೂ. "ಎಷ್ಟು ಮೇಳ, ಎಷ್ಟು ಜನ" ಅನ್ನೋದು ಬಿಟ್ಟು.

---

ಉತ್ತರ: ಮಾಚೇನಹಳ್ಳಿ ಫರ್ನೇಸ್

ಮೇಡಂ, ನಂದು ಸಣ್ಣ ಫೌಂಡ್ರಿ, ಲೋಹ ಕರಗಿಸಿ ಎರಕ ಹೊಯ್ಯೋದು. ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಮೇಳಕ್ಕೆ ಎರಡು ಸಲ ಬಂದಿದ್ದೆ. ಬ್ಯಾನರ್ ಕಟ್ಟಿ ಸಂಜೆವರೆಗೂ ಕೂತೆ. ಒಂದು ಚೀಲ ಬಯೋಡೇಟಾ ಸಿಕ್ತು. ಬಂದೋರೆಲ್ಲ ಕೇಳಿದ್ದು "ಸರ್, ಕಂಪ್ಯೂಟರ್ ಕೆಲಸ ಇದ್ಯಾ?" ನಂಗೆ ಬೇಕಾಗಿದ್ದು ಫೆಟ್ಲಿಂಗ್‌ಗೆ, ಅಂದ್ರೆ ಎರಕದ ಅಂಚು ಉಜ್ಜಿ ತೆಗೆಯೋಕೆ ಜನ. ಧೂಳು, ಸದ್ದು, ಕೈಯಲ್ಲಿ ಗ್ರೈಂಡರ್. ನಮ್ಮೂರ ಹುಡುಗರು ಬರಲ್ಲ, ನನ್ನ ಮಗನೂ ಬರಲ್ಲ. ಒಡಿಶಾದ ಕಾಂಟ್ರಾಕ್ಟರ್‌ಗೆ ಸಂಜೆ ಫೋನ್ ಮಾಡಿದ್ರೆ ವಾರದಲ್ಲಿ ಒಂಬತ್ತು ಜನ, ಜೊತೆಗೊಬ್ಬ ಅಡುಗೆಯವ, ಬ್ಯಾಗ್ ಸಮೇತ ಗೇಟಲ್ಲಿರ್ತಾರೆ. ನಿಮ್ಮ ಆಫೀಸರ್ ಅವನ ಜೊತೆ ಪೈಪೋಟಿ ಮಾಡೋಕಾಗಲ್ಲ, ಮಾಡೋದೂ ಬೇಡ.

ನಂಗೆ ಬೇಕಾಗಿರೋದು ಬೇರೆ. ನನ್ನಲ್ಲಿ 34 ಜನ ಇದಾರೆ. 30 ಆದ ಮೇಲೆ ಅಪ್ರೆಂಟಿಸ್ ತಗೊಳ್ಳಲೇಬೇಕು, ಶೇ. 2.5ರಿಂದ 15. ನನ್ನ ಲೆಕ್ಕಕ್ಕೆ ಕಮ್ಮಿ ಅಂದ್ರೆ ಒಬ್ಬ, ಹೆಚ್ಚಂದ್ರೆ ಐದು. ತಗೊಳ್ಳೋಕೆ ಮನಸ್ಸೂ ಇದೆ, ಪ್ಯಾಟರ್ನ್ ಕೆಲಸ (ಎರಕದ ಅಚ್ಚಿಗೆ ಮಾದರಿ ಮಾಡೋದು) ಗೊತ್ತಿದ್ದ ನಮ್ಮ ಹಳೇ ಮೇಸ್ತ್ರಿ ಇನ್ನೆರಡು ವರ್ಷಕ್ಕೆ ಮನೆಗೆ ಹೋಗ್ತಾರೆ, ಅಷ್ಟರೊಳಗೆ ಒಬ್ಬ ಹುಡುಗ ಕಲೀಬೇಕು. ಸ್ಟೈಪೆಂಡಲ್ಲಿ ಕಾಲು ಭಾಗ, ತಿಂಗಳಿಗೆ 1,500ರವರೆಗೆ ಕೇಂದ್ರದವರು ಕೊಡ್ತಾರೆ ಅಂತ ಗೊತ್ತು. ಆ ಅಪ್ರೆಂಟಿಸ್ ಪೋರ್ಟಲ್ ತೆಗೆದು ಕೂತ್ರೆ ಒಂದು ಕಡೆ ಆಧಾರ್ ಹೆಸರು ಹೊಂದಲ್ಲ, ಇನ್ನೊಂದು ಕಡೆ ಬ್ಯಾಂಕು ಹೊಂದಲ್ಲ. ಎರಡು ಸಲ ಬಿಟ್ಟು ಎದ್ದೆ. ನಿಮ್ಮ ಹೊಸ ಆಫೀಸರ್ ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಅದನ್ನ ಮುಗಿಸಿ ಕೊಡ್ಲಿ. ಆಮೇಲೆ ಅವರು ಕೇಳಿದ ಕಾಗದಕ್ಕೆಲ್ಲ ಸಹಿ ಹಾಕ್ತೀನಿ.

ಆ ಸಾಲಿನ ವಿಷಯ. ಬಂದು ನೋಡ್ಲಿ, ಬೇಡ ಅನ್ನಲ್ಲ. ಆದ್ರೆ "ಪರಿಶೀಲನೆ" ಅನ್ನೋ ಪದ ತೆಗೀರಿ ಮೇಡಂ. ನಮ್ಮ ಗೇಟಿಗೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್, ಲೇಬರ್, ಪೊಲ್ಯೂಷನ್, ಪಿಎಫ್, ಇಎಸ್‌ಐ ಎಲ್ಲರೂ ಆ ಪದ ಹಿಡ್ಕೊಂಡೇ ಬರೋದು. ಇನ್ನೊಬ್ರು ಬಂದ್ರೆ ವಾಚ್‌ಮನ್ನೇ "ಸಾಹೇಬ್ರು ಊರಲ್ಲಿಲ್ಲ" ಅಂತಾನೆ. ಮತ್ತೆ ಮೆಟಲ್ ಸುರಿಯೋ ಹೊತ್ತಿಗೆ ಬರಬೇಡಿ, ಆಗ ದೇವರು ಬಂದ್ರೂ ಮಾತಾಡ್ಸಲ್ಲ.

---

ಉತ್ತರ: ಎಕ್ಸ್-10 ಅಜ್ಜ

ತಂಗೀ, ನಾನು ಉದ್ಯೋಗ ವಿನಿಮಯ ಕಛೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದವನು. ಈ ಹೆಸರು ಯಾಕೆ ಇಟ್ಟುಕೊಂಡೆ ಅಂತ ನಿನಗೆ ತಿಳಿಯುತ್ತದೆ, ಉಳಿದವರಿಗೆ ಹೇಳುತ್ತೇನೆ: ಎಕ್ಸ್-10 ಅಂದರೆ ನಾವು ಅಭ್ಯರ್ಥಿಗಳಿಗೆ ಕೊಡುತ್ತಿದ್ದ ಗುರುತಿನ ಚೀಟಿ. ಒಂದು ಕಾಲದಲ್ಲಿ ಮನೆಮನೆಯ ಟ್ರಂಕಿನಲ್ಲಿ ಜಾತಕದ ಜೊತೆ ಇರುತ್ತಿತ್ತು.

ಈ ಕಛೇರಿಗಳು ಹುಟ್ಟಿದ್ದು 1945ರಲ್ಲಿ, ಯುದ್ಧದಿಂದ ಮರಳಿದ ಸೈನಿಕರಿಗೆ ಕೆಲಸ ಹುಡುಕಿಕೊಡಲು. 1948ರಲ್ಲಿ ಎಲ್ಲರಿಗೂ ತೆರೆದವು. ರಾಜ್ಯ ಸರ್ಕಾರಗಳ ಕೈಗೆ ಬಂದದ್ದು 1956ರ ನವೆಂಬರ್ 1ಕ್ಕೆ, ನಮ್ಮ ರಾಜ್ಯ ಒಂದಾದ ದಿನವೇ. ಆಮೇಲೆ 1959ರ ಕಾಯ್ದೆ. 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯೂ ಖಾಲಿ ಹುದ್ದೆಯನ್ನು ನಮಗೆ ತಿಳಿಸಲೇಬೇಕಿತ್ತು. ಆದರೆ ನಾವು ಕಳಿಸಿದವರನ್ನು ತೆಗೆದುಕೊಳ್ಳಲೇಬೇಕು ಅಂತ ಎಲ್ಲೂ ಇರಲಿಲ್ಲ. ತಿಳಿಸದಿದ್ದರೆ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,000ದವರೆಗೆ. ಆ 500ನ್ನು ಯಾರಿಗಾದರೂ ಹಾಕಿದ್ದನ್ನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ಮೂರು ತಿಂಗಳಿಗೊಮ್ಮೆ ಇಆರ್-1 ನಮೂನೆ ತುಂಬಿ ಕೊಡಬೇಕಿತ್ತು. ಒಂದು ಕಾರ್ಖಾನೆಯವರು ಪ್ರತಿ ಸಲ ಖಾಲಿ ಹುದ್ದೆ "ಇಲ್ಲ" ಎಂದು ಬರೆದು ಕಳಿಸುತ್ತಿದ್ದರು. ನಾನು ನಮೂನೆ ಇಸಿದುಕೊಳ್ಳಲು ಹೋದಾಗ ಅವರ ಗೇಟಿನ ಮೇಲೆ "ಟರ್ನರ್ ಬೇಕಾಗಿದ್ದಾರೆ" ಅಂತ ಬೋರ್ಡು. ನಾನು ಬೋರ್ಡು ಓದಿದೆ, ನಮೂನೆ ತೆಗೆದುಕೊಂಡೆ, ಬಸ್ ಹತ್ತಿದೆ. ನನ್ನ ಕೆಲಸ ನಮೂನೆಯದಾಗಿತ್ತು, ಬೋರ್ಡಿನದಲ್ಲ.

1996ರಲ್ಲಿ ಸುಪ್ರೀಂ ಕೋರ್ಟು, ನಮ್ಮ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲೂ ಪ್ರಕಟಿಸಿ ಎಲ್ಲರಿಗೂ ಅವಕಾಶ ಕೊಡಿ ಎಂದಿತು. ನ್ಯಾಯವೇ. ಆದರೆ ಅಲ್ಲಿಂದ ಮುಂದೆ ನಮ್ಮ ಕರೆಪತ್ರಕ್ಕೆ ಇದ್ದ ತೂಕ ಹೋಯಿತು, ನವೀಕರಣದ ಮೊಹರು ಉಳಿಯಿತು. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಹಳೆ ಕಾಯ್ದೆ ಸೇರಿಹೋಗಿದೆ, ಕಛೇರಿಗೂ ವೃತ್ತಿ ಕೇಂದ್ರ ಎಂಬ ಹೊಸ ಹೆಸರು.

ನಿನ್ನ ಸಾಲು ಇರಲಿ. ಫೌಂಡ್ರಿಯವರು ಹೇಳಿದ್ದೂ ಸರಿ, ಪದ ಬದಲಿಸು. "ಮಾಲೀಕರ ಜೊತೆ ಕೆಲಸದ ಸ್ಥಳ ನೋಡಿ ವಿವರ ಪತ್ರ ತಯಾರಿಸಿ, ಅವರ ಸಹಿ ಪಡೆದು" ಎಂದು ಬರೆ. ಸಹಿ ಹಾಕಿದ ಮೇಲೆ ಹುಡುಗನಿಗೆ ಒಂದು ಪ್ರತಿ ಕೊಡು. ಕಾಂಟ್ರಾಕ್ಟರ್ ಯಾವತ್ತೂ ಆ ಪ್ರತಿ ಕೊಡುವುದಿಲ್ಲ. ನಿನ್ನ ಸಹೋದ್ಯೋಗಿಗೆ ಹೇಳಬೇಕಾದ ಉತ್ತರ ಅದೇ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಆ ಹುದ್ದೆಗೆ ಪ್ರಯಾಣ ಭತ್ಯೆಯ ಸಾಲು ಹಾಕಿದ್ದೀಯಾ? ಇಲ್ಲದಿದ್ದರೆ ಆರನೇ ತಿಂಗಳಿಗೆ ಆ ಮನುಷ್ಯ ಕುರ್ಚಿಗೆ ಅಂಟುತ್ತಾನೆ. "ಇತರೆ ಕರ್ತವ್ಯಗಳಿಗೆ ನಿಯೋಜಿಸತಕ್ಕದ್ದಲ್ಲ" ಎಂದೂ ಸೇರಿಸು. ಚುನಾವಣೆ, ಗಣತಿ, ಹೆಚ್ಚುವರಿ ಪ್ರಭಾರ, ಇವುಗಳ ಬಾಯಿಗೆ ಬಿದ್ದ ಹುದ್ದೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

---

ಉತ್ತರ: ಸಾಗರ ಸೀಮೆ ತೋಟದವ

ನಿಮ್ಮ ಲೆಕ್ಕದಲ್ಲಿ ಮಾಲೀಕ ಅಂದ್ರೆ ಶೆಡ್ಡು, ಚಿಮಣಿ ಇರೋನು ಮಾತ್ರವೋ? ನಂದು ಮೂರು ಎಕರೆ ಅಡಿಕೆ. ಕೊನೆ (ಅಡಿಕೆ ಗೊನೆ) ತೆಗೆಯೋ ಕಾಲಕ್ಕೆ ಇಡೀ ಊರಿಗೆ ಕೊನೆಗೌಡ, ಅಂದ್ರೆ ಮರ ಹತ್ತಿ ಕೊನೆ ಕೊಯ್ಯೋನು, ಒಬ್ಬನೇ. ಅವನ ಡೇಟು ಸಿಗೋದು ಮಣಿಪಾಲದ ಡಾಕ್ಟರ ಡೇಟು ಸಿಕ್ಕ ಹಾಗೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯೋದಕ್ಕೂ ಅವನೇ. ಅವನಿಗೆ ಐವತ್ತು ದಾಟಿತು, ಮಕ್ಕಳು ಬೆಂಗಳೂರಲ್ಲಿ ಡೆಲಿವರಿ ಮಾಡ್ತಾರೆ.

ಈಗ ಕಾರ್ಬನ್ ಫೈಬರ್ ದೋಟಿ (ಕೊಯ್ಯೋ ಉದ್ದ ಕೋಲು) ಬಂದಿದೆ, ಮರ ಹತ್ತೋದೇ ಬೇಡ, ನೆಲದಲ್ಲೇ ನಿಂತು ಕೊನೆ ಇಳಿಸಬಹುದು. ಅದನ್ನ ಹಿಡಿಯೋಕೆ ಕಲಿತ ನಾಲ್ಕು ಹುಡುಗರ ಒಂದು ತಂಡ ಇದ್ರೆ ನಮ್ಮ ಸುತ್ತಿನ ಮೂವತ್ತು ಮನೆಯವರು ಸರದಿ ಮೇಲೆ ಕೆಲಸ ಕೊಡ್ತೀವಿ. ನನ್ನೊಬ್ಬನ ತೋಟದಲ್ಲಿ ಅವರಿಗೆ ನಾಲ್ಕು ದಿನದ ಕೆಲಸ, ಮೂವತ್ತು ತೋಟ ಸೇರಿದ್ರೆ ಸೀಸನ್ ಪೂರ್ತಿ. ಈ ಮೂವತ್ತನ್ನ ಸೇರಿಸೋರು ಯಾರು ಮಾರಾಯ್ರೆ? ನಾವು ನಾವೇ ಸೇರಿದ್ರೆ ಮೊದಲ ಕೊನೆ ಯಾರದ್ದು ಅಂತಲೇ ಜಗಳ ಆಗಿ ಮುಗೀತದೆ.

ಎಕ್ಸ್-10 ಅಜ್ಜನ ಉತ್ತರ: ತೋಟದ ಭಟ್ಟರೇ, ನೀವು ಕಾಯ್ದೆಯ ಹೊರಗೇ ಇದ್ದಿರಿ. 1959ರದ್ದು ಖಾಸಗಿ ಕೃಷಿ, ತೋಟಗಾರಿಕೆಗೆ ಅನ್ವಯಿಸುತ್ತಿರಲಿಲ್ಲ, ಕೃಷಿ ಯಂತ್ರ ನಡೆಸುವವರ ಹೊರತು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸವೂ ಹೊರಗೇ.

ತೋಟದವ: ದೋಟಿ ಯಂತ್ರ ಹೌದೋ ಅಲ್ಲವೋ ಅಂತ ನೀವೇ ತೀರ್ಮಾನ ಮಾಡಿ ಅಜ್ಜ. ಬೆಲೆ ಕೇಳಿದ್ರೆ ಯಂತ್ರ ಅನ್ನಿಸ್ತದೆ.

---

ಉತ್ತರ: ಹೊಸನಗರ 2023 ಬ್ಯಾಚ್

ಅಕ್ಕ, ನಾನು ಡಿಪ್ಲೊಮಾ ಮೆಕ್ಯಾನಿಕಲ್. ನೀವು ಹೇಳಿದ ಥರದ್ದೇ ಒಂದು ಕಡೆ ಹನ್ನೊಂದು ದಿನ ಇದ್ದು ಬಂದೆ. ಊರಲ್ಲಿ ಎಲ್ಲರೂ ನಂಗೆ ಮೈಗಳ್ಳ ಅಂದ್ರು.

ಒಂದು ಹೇಳ್ಲಾ, ಯುವನಿಧಿ ಶುರುವಾಗಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12, ಫ್ರೀಡಂ ಪಾರ್ಕಲ್ಲಿ. ನಾನೂ ಬಸ್ಸಲ್ಲಿ ಬಂದಿದ್ದೆ. ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಎರಡು ವರ್ಷದವರೆಗೆ, ಕೆಲಸ ಸಿಕ್ರೆ ನಿಲ್ಲತ್ತೆ. ಆಗ ನಮ್ಮ ಹುಡುಗರಲ್ಲಿ ಇದ್ದ ಭಯ ಏನಂದ್ರೆ, ಯಾವುದೋ ಕೆಲಸಕ್ಕೆ ಹೆಸರು ಬರೆಸಿ, ಪಿಎಫ್ ನಂಬರ್ ಬಿದ್ದು, ಹದಿನೈದು ದಿನಕ್ಕೆ ಬಿಟ್ರೆ ಅದೂ ಇಲ್ಲ ಇದೂ ಇಲ್ಲ. ಮನೇಲಿ 1,500 ಅಂದ್ರೆ ಗ್ಯಾಸು, ಕರೆಂಟು. ಮಾಲೀಕರು "ಹುಡುಗರಿಗೆ ಬಿಟ್ಟಿ ದುಡ್ಡಿನ ರುಚಿ" ಅಂತಾರೆ. ನಮಗೆ ಅದು ರುಚಿ ಅಲ್ಲ, ಭಯ. ಕೆಲಸ ಹೆಂಗಿದೆ ಅಂತ ಮೊದಲೇ ಬರೆದು ಕೊಟ್ರೆ ಧೈರ್ಯ ಮಾಡ್ತೀವಿ.

ಇನ್ನೊಂದು, ಇಂಟರ್‌ವ್ಯೂ ಆದ ಮೇಲೆ "ಕಾಲ್ ಮಾಡ್ತೀವಿ" ಅಂತಾರೆ, ಮಾಡಲ್ಲ. ಆ ಹೊಸ ಆಫೀಸರ್ ಕೇಳಿ ತಿಳ್ಕೊಂಡು ನಮಗೆ ಹೇಳ್ಬೇಕು: ಡ್ರಾಯಿಂಗ್ ಓದೋಕೆ ಬರಲಿಲ್ವಾ, ಮೈಕ್ರೋಮೀಟರ್ ಹಿಡಿಯೋಕೆ ಬರಲಿಲ್ವಾ, ಅಥವಾ ರೂಮ್ ಇಲ್ಲ ಅಂತ ಬೇಡ ಅಂದ್ರಾ. ಬರಲಿಲ್ಲ ಅಂದ್ರೆ ಕಲೀತೀವಿ.

---

ಉತ್ತರ: ಕೊಪ್ಪ–ಒಹಾಯೋ

ನಾನಿಲ್ಲಿ ಅಮೆರಿಕದ ಒಂದು ಪ್ಲಾಂಟಲ್ಲಿ ಎಚ್‌ಆರ್. ಇಂಥ ಹುದ್ದೆಯವರು ನಮ್ಮ ಗೇಟಿಗೂ ಬರ್ತಾರೆ. 2014ರ ಒಂದು ಕಾನೂನಿನ ಪ್ರಕಾರ ಊರೂರಿಗೆ ಉದ್ಯೋಗ ಮಂಡಳಿ ಇದೆ, ಅದರ ಸದಸ್ಯರಲ್ಲಿ ಹೆಚ್ಚಿನವರು ಉದ್ಯಮದವರೇ ಇರಬೇಕು. ಹೊಸಬರಿಗೆ ಕೆಲಸ ಕಲಿಸಿದ್ರೆ ಸಾಮಾನ್ಯವಾಗಿ ಸಂಬಳದ ಅರ್ಧ ವಾಪಸ್ ಕೊಡ್ತಾರೆ, ಕೆಲವು ಸಂದರ್ಭದಲ್ಲಿ ಶೇ. 75ರವರೆಗೂ.

ಅಳತೆ ಕೇಳಿದ್ರಲ್ಲ, ಅದಕ್ಕೇ ಬರೆದೆ. ಇಲ್ಲಿ ಮಾಲೀಕರಿಗೆ ಸೇವೆ ಸರಿಯಾಯ್ತಾ ಅಂತ ನೋಡೋದು ಹೀಗೆ: ಕಾರ್ಯಕ್ರಮ ಮುಗಿಸಿ ಹೋದವನು ಎರಡನೇ ತ್ರೈಮಾಸಿಕದಲ್ಲೂ ನಾಲ್ಕನೆಯದರಲ್ಲೂ ಅದೇ ಮಾಲೀಕನ ಹತ್ರ ಇದಾನಾ? ಇದ್ರೆ ಲೆಕ್ಕಕ್ಕೆ. ನಿಮ್ಮ ಎಂಟರಲ್ಲಿ ಆರು ಆಗ ತಾನಾಗೇ ಉದುರ್ತಿತ್ತು.

ಇನ್ನೊಂದು, 100 ಅಥವಾ ಹೆಚ್ಚು ಜನರಿರೋ ಕಂಪನಿ ಮುಚ್ಚೋದಾದ್ರೆ 60 ದಿನ ಮೊದಲೇ ತಿಳಿಸಬೇಕು ಅಂತ 1988ರ ಕಾನೂನಿದೆ. ಆ ನೋಟಿಸ್ ಬಂದ ತಕ್ಷಣ ಇದೇ ಕಛೇರಿಯವರು ಒಳಗೆ ಬಂದು ಟೇಬಲ್ ಹಾಕಿ ಯಾರಿಗೆ ಯಾವ ಕೆಲಸ ಗೊತ್ತು ಅಂತ ಬರ್ಕೊಳ್ತಾರೆ. ಭದ್ರಾವತಿಯಲ್ಲಿ ನನ್ನ ಮಾವ ದುಡೀತಿದ್ದ ಕಾರ್ಖಾನೆ ನಿಂತಾಗ ಹಂಗೆ ಯಾರೂ ಬರ್ಕೊಳ್ಳಲಿಲ್ಲ. ಮೂವತ್ತು ವರ್ಷ ಬಾಯ್ಲರ್ ನೋಡ್ಕೊಂಡ ಮನುಷ್ಯ ಕೊನೆಗೆ ಮದುವೆ ಛತ್ರದಲ್ಲಿ ವಾಚ್‌ಮನ್ ಆದ್ರು. ಹತ್ತು ಮೈಲಿ ಆಚೆ ಯಾವುದೋ ಅಕ್ಕಿ ಗಿರಣಿಯವರು ಬಾಯ್ಲರ್ ಗೊತ್ತಿರೋನಿಗೆ ಹುಡುಕ್ತಾ ಇದ್ರೇನೋ. ನಿಮ್ಮ ಪಟ್ಟೀಲಿ ಇದಕ್ಕೂ ಒಂದು ಸಾಲು ಇಡಿ.

---

ರಿಪ್ಪನ್‌ಪೇಟೆ ಹುಡುಗಿ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಸಲ ಬರೆದು ಸಾಹೇಬರ ಟೇಬಲ್ಲಿಗೆ ಇಟ್ಟೆ.

"ಪರಿಶೀಲನೆ" ಹೋಯ್ತು. ಅಜ್ಜ ಹೇಳಿದ ಹಂಗೆ ವಿವರ ಪತ್ರ, ಮಾಲೀಕರ ಸಹಿ, ಹುಡುಗ ಅಥವಾ ಹುಡುಗಿಗೆ ಒಂದು ಪ್ರತಿ. ಸಹಿ ಇಲ್ಲದೆ ಯಾರನ್ನೂ ಕಳಿಸೋ ಹಂಗಿಲ್ಲ ಅಂತ ಉಳಿಸ್ಕೊಂಡೆ. ಪತ್ರದಲ್ಲಿ ಎತ್ತಬೇಕಾದ ತೂಕ, ಪಾಳಿ ಬಿಡೋ ಹೊತ್ತಿಗೆ ಇರೋ ಕಡೇ ಬಸ್ಸು, ಬೋನಸ್ ಬಿಟ್ಟು ಕೈಗೆ ಬರೋ ಸಂಬಳ, ತೆಗೆದುಕೊಳ್ಳದಿದ್ರೆ ಕಾರಣ, ಇವಕ್ಕೆ ಕಾಲಂ ಹಾಕಿದೀನಿ. ಬಸ್ಸಿನ ಕಾಲಂ ನೋಡಿ ಸಾಹೇಬರು "ಇದು ಕೆಎಸ್‌ಆರ್‌ಟಿಸಿಯವರ ಕೆಲಸ ಅಲ್ವೇನಮ್ಮಾ" ಅಂದ್ರು. ನಾನು ಬಸ್‌ಸ್ಟ್ಯಾಂಡಲ್ಲಿ ಮಲಗಿದ ಹುಡುಗನ ಕತೆ ಹೇಳಿದೆ. ಹೊಡೆದು ಹಾಕ್ಲಿಲ್ಲ.

ಅಳತೆಗೆ ಆರನೇ ತಿಂಗಳು ಮತ್ತು ಹನ್ನೆರಡನೇ ತಿಂಗಳು ಅಂತ ಬರೆದೆ. ಇದಕ್ಕೆ ಮಾತ್ರ ಮುಖ ಸಪ್ಪೆ ಆಯ್ತು, ಯಾಕಂದ್ರೆ ಮೊದಲ ವರ್ಷ ತೋರಿಸೋಕೆ ಸಂಖ್ಯೆನೇ ಇರಲ್ಲ. ಮೂರನೇ ತಿಂಗಳಿಂದ ಶುರು ಮಾಡೋಣ ಅಂತ ನಿಂತಿದೆ. ಪ್ರಯಾಣ ಭತ್ಯೆ ಮೇಲಿನವರಿಗೆ ಬಿಟ್ಟದ್ದು. "ಇತರೆ ಕರ್ತವ್ಯ" ಸಾಲಿಗೆ ಸಾಹೇಬರು ನಕ್ಕರು, ಅಷ್ಟೇ. ಕಾರ್ಖಾನೆ ಮುಚ್ಚೋ ಸುದ್ದಿ ಬಂದ್ರೆ ಹೋಗಿ ಯಾರಿಗೆ ಎಂತ ಕೆಲಸ ಗೊತ್ತು ಅಂತ ಬರ್ಕೊಳ್ಳೋದು ಅಂತಲೂ ಸೇರಿಸಿದೆ.

ತೋಟದ ಭಟ್ರೆ, ನಿಮ್ಮ ಮೂವತ್ತು ಮನೆಗಳನ್ನ ಈ ಹುದ್ದೆಯೊಳಗೆ ಹೆಂಗೆ ತೂರಿಸೋದು ಗೊತ್ತಾಗ್ತಿಲ್ಲ, ಆದ್ರೆ ಬಿಡಲ್ಲ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರ ಹತ್ರ ದೋಟಿ ತರಬೇತಿ ಬಗ್ಗೆ ಮಾತಾಡ್ತೀನಿ. ನೀವು ಮೊದಲ ಕೊನೆ ಯಾರದ್ದು ಅನ್ನೋ ಜಗಳ ಅಷ್ಟರಲ್ಲಿ ಮುಗಿಸ್ಕೊಂಡಿರಿ.

ಹೊಸನಗರದ ತಮ್ಮ, ಮೆಸೇಜ್ ಮಾಡು. ಪ್ಯಾಟರ್ನ್ ಕಲಿಯೋ ಮನಸ್ಸಿದ್ಯಾ ಹೇಳು, ಬರೀ ಹೇಳು, ಸೇರಬೇಕಿಲ್ಲ. ಮೊದಲು ಹೋಗಿ ನೋಡು.

ಫರ್ನೇಸ್ ಸರ್, ಹುದ್ದೆ ಬರೋತನಕ ಕಾಯಬೇಡಿ, ಪೋರ್ಟಲ್ ಕೆಲಸಕ್ಕೆ ಗುರುವಾರ ಮಧ್ಯಾಹ್ನ ನಾನೇ ಬರ್ತೀನಿ. ಮೆಟಲ್ ಸುರಿಯೋ ಹೊತ್ತು ಬಿಟ್ಟು ಟೈಮ್ ಹೇಳಿ. ಓಟಿಪಿ ಬರೋ ಫೋನ್ ನಿಮ್ಮ ಅಕೌಂಟೆಂಟ್ ಹತ್ರ ಇದ್ರೆ ಅವತ್ತು ಅವರಿಗೆ ರಜೆ ಕೊಡಬೇಡಿ.